ಊರಿಗೆ ಕಟ್ಟಿದ ವೀಸಾ: ಆಸ್ಟ್ರೇಲಿಯಾದ ‘ರೀಜನಲ್’ ದಾರಿಯ ಒಳಹೊರಗು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ಶುರುವಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕೊನೆಗೌಡ ಯಾವಾಗ ಬರುತ್ತಾನೆ? ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ದಾಟಿ, ಹಣ್ಣಾದ ಕೊನೆ ಯಾವುದು, ಇನ್ನೂ ಹದಿನೈದು ದಿನ ಬಿಡಬೇಕಾದದ್ದು ಯಾವುದು ಎಂದು ನೋಡಿ, ಕೊಯ್ದದ್ದನ್ನು ಹಗ್ಗದಲ್ಲಿ ಇಳಿಸುವ ಕೆಲಸ ಅದು. ಕೂಲಿ ಎಷ್ಟಾದರೂ ಕೊಡುತ್ತೇನೆಂದರೂ ಆ ಕೆಲಸ ಬಲ್ಲವನು ಸಿಗುವುದಿಲ್ಲ, ಏಕೆಂದರೆ ಸುತ್ತಲಿನ ನಾಲ್ಕೈದು ಊರಿಗೆ ಇರುವುದೇ ಇಬ್ಬರು ಮೂವರು. ಘಟ್ಟದ ಕೆಳಗೆ ಬಂದರೆ ಇದೇ ಕತೆ ಬೇರೆ ರೂಪದಲ್ಲಿ ಕಾಣುತ್ತದೆ. ಮೀನುಗಾರಿಕಾ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್‌ನ ಹುಡುಗರು ದುಡಿಯುತ್ತಾರೆ. ಪರಿಣತ ವೈದ್ಯರನ್ನು ಹುಡುಕಿಕೊಂಡು ನಮ್ಮವರು ಗೋವಾ, ಮಂಗಳೂರು, ಹುಬ್ಬಳ್ಳಿಗೆ ಹೋಗುತ್ತಾರೆ.

ಕೆಲಸ ಇದೆ, ದುಡ್ಡೂ ಇದೆ, ಮಾಡುವ ಕೈ ಇಲ್ಲ. ಕೌಶಲದ ಕೊರತೆ ಎಂದರೆ ಇದೇ. ಆಸ್ಟ್ರೇಲಿಯಾದ ಒಳನಾಡು ದಶಕಗಳಿಂದ ಎದುರಿಸುತ್ತಿರುವ ತೊಂದರೆಯೂ ಇದೇ. ಅದಕ್ಕೆ ಆ ದೇಶ ಕಂಡುಕೊಂಡ ಉಪಾಯವನ್ನು ಇಂಗ್ಲಿಷಿನಲ್ಲಿ ರೀಜನಲ್ ಸ್ಕಿಲ್ಡ್ ಮೈಗ್ರೇಷನ್ ಎನ್ನುತ್ತಾರೆ. ‘ದೊಡ್ಡ ನಗರಕ್ಕೆ ಬರುವುದಾದರೆ ಸರದಿಯಲ್ಲಿ ನಿಲ್ಲು, ಕೈ ಬೇಕಾದ ಊರಿಗೆ ಹೋಗುವುದಾದರೆ ನಿನಗೆ ಸ್ವಲ್ಪ ಹೆಚ್ಚು ಅಂಕ’ ಎಂಬುದು ಅದರ ತಿರುಳು.

ವಾಟ್ಸ್ಆ್ಯಪ್‌ ಸ್ಟೇಟಸ್‌ಗಳಲ್ಲಿ ‘ಆಸ್ಟ್ರೇಲಿಯಾ ರೀಜನಲ್ ಪಿಆರ್, ಗ್ಯಾರಂಟಿ’ ಎಂಬ ಜಾಹೀರಾತು ಓಡಾಡುತ್ತಿರುತ್ತದೆ. ಪಿಆರ್ ಎಂದರೆ ಆ ದೇಶದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ. ನರ್ಸಿಂಗ್ ಮುಗಿಸಿದವರು, ಐಟಿಐ, ಡಿಪ್ಲೊಮಾ ಮಾಡಿ ಕೈಗಾ, ದಾಂಡೇಲಿ, ಸೀಬರ್ಡ್ ನೌಕಾನೆಲೆಯ ಗುತ್ತಿಗೆ ಕೆಲಸಗಳಲ್ಲಿ ನಾಲ್ಕಾರು ವರ್ಷ ಪಳಗಿದವರು ಅದನ್ನು ನೋಡಿ ವಿಚಾರಿಸುತ್ತಾರೆ. ಆ ಜಾಹೀರಾತಿನಲ್ಲಿ ಇಲ್ಲದ್ದೆಲ್ಲವನ್ನೂ ಬುಡದಿಂದ ನೋಡೋಣ.

‘ರೀಜನಲ್’ ಎಂದರೆ ಹಳ್ಳಿ ಅಲ್ಲ

ಆಸ್ಟ್ರೇಲಿಯಾದ ವಿಸ್ತಾರ ಸುಮಾರು 77 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ಎರಡು ಪಟ್ಟಿಗೂ ಮಿಕ್ಕಿ. ಜನಸಂಖ್ಯೆ ಮೂರು ಕೋಟಿಯನ್ನೂ ಮುಟ್ಟಿಲ್ಲ. ಅದರಲ್ಲೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಸಿಡ್ನಿ, ಮೆಲ್ಬರ್ನ್ ಎಂಬ ಎರಡೇ ನಗರಗಳಲ್ಲಿ ತುಂಬಿದ್ದಾರೆ. ಹೊರಗಿನಿಂದ ಬರುವವರೂ ಅಲ್ಲಿಗೇ ಹೋಗಿ ಸೇರುತ್ತಾರೆ. ಉಳಿದ ಕಡೆ ಆಸ್ಪತ್ರೆಗೆ ನರ್ಸ್ ಇಲ್ಲ, ಗಣಿಗೆ ಫಿಟ್ಟರ್ ಇಲ್ಲ, ಶಾಲೆಗೆ ಶಿಕ್ಷಕರಿಲ್ಲ.

ವಲಸೆ ಕಾನೂನಿನ ಲೆಕ್ಕದಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಎಂಬ ಮೂರು ಮಹಾನಗರ ಪ್ರದೇಶಗಳನ್ನು ಬಿಟ್ಟು ಉಳಿದದ್ದೆಲ್ಲವೂ ‘ರೀಜನಲ್’. ಬೆಂಗಳೂರು ಬಿಟ್ಟರೆ ಮೈಸೂರು, ಹುಬ್ಬಳ್ಳಿ, ಮಂಗಳೂರು ಸಹಿತ ಇಡೀ ಕರ್ನಾಟಕವನ್ನು ಒಂದೇ ಗುಂಪಿಗೆ ಸೇರಿಸಿದ ಹಾಗೆ. ಆದ್ದರಿಂದ ಪರ್ತ್, ಅಡಿಲೇಡ್, ಕ್ಯಾನ್‌ಬೆರಾ, ಹೋಬಾರ್ಟ್, ಗೋಲ್ಡ್ ಕೋಸ್ಟ್, ಜೀಲಾಂಗ್ ಮುಂತಾದ ದೊಡ್ಡ ಊರುಗಳೂ ಈ ಪಟ್ಟಿಯಲ್ಲಿವೆ. ಇವುಗಳದ್ದು ಒಂದು ವರ್ಗ. ಕಾಲ್ಗೂರ್ಲಿ, ಮಿಲ್ಡ್ಯುರಾ, ಡಬ್ಬೊ, ಆಲಿಸ್ ಸ್ಪ್ರಿಂಗ್ಸ್, ಮೌಂಟ್ ಐಸಾ ತರಹದ ಒಳನಾಡಿನ ಪೇಟೆಗಳು, ಅವುಗಳ ಸುತ್ತಲ ಪ್ರದೇಶಗಳು ಇನ್ನೊಂದು ವರ್ಗ.

ಈ ಅಂತರ ಕಾಗದದ ಮೇಲಿನದ್ದಷ್ಟೇ ಅಲ್ಲ. ಪರ್ತ್‌ನಲ್ಲಿ ಸಿಟಿ ಬಸ್ಸು, ರೈಲು, ಭಾರತದ ದಿನಸಿ ಅಂಗಡಿ ಎಲ್ಲ ಸಿಗುತ್ತದೆ. ಅಲ್ಲಿಂದ ಕಾಲ್ಗೂರ್ಲಿಗೆ ಸುಮಾರು 600 ಕಿಲೋಮೀಟರ್, ಕಾರವಾರದಿಂದ ಬೆಂಗಳೂರಿಗಿಂತ ದೂರ, ನಡುವೆ ಊರುಗಳೇ ವಿರಳ. ‘ರೀಜನಲ್’ ಎಂಬ ಒಂದೇ ಮಾತಿನಲ್ಲಿ ಈ ಎರಡೂ ಬದುಕು ಅಡಗಿವೆ. ಯಾರಾದರೂ ‘ರೀಜನಲ್ ವೀಸಾ ಮಾಡಿಸಿಕೊಡುತ್ತೇನೆ’ ಎಂದರೆ ಯಾವ ರಾಜ್ಯ, ಯಾವ ಊರು ಎಂದು ಮೊದಲು ಕೇಳಬೇಕು.

ಗಲ್ಫ್ ವೀಸಾಕ್ಕೂ ಇದಕ್ಕೂ ಇರುವ ವ್ಯತ್ಯಾಸ

ಭಟ್ಕಳ, ಹೊನ್ನಾವರ, ಕಾರವಾರದ ಮನೆಗಳಿಗೆ ಗಲ್ಫ್ ಹೊಸದಲ್ಲ. ಅಲ್ಲಿನ ವೀಸಾ ಸಾಮಾನ್ಯವಾಗಿ ಕೆಲಸ ಕೊಟ್ಟ ಧಣಿಗೆ ಕಟ್ಟಿದ್ದು. ಕೆಲಸ ಹೋದರೆ ವಾಪಸ್ಸು ಬರಬೇಕು. ಎಷ್ಟು ವರ್ಷ ದುಡಿದರೂ ಅಲ್ಲಿಯವರಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಆಸ್ಟ್ರೇಲಿಯಾದ ರೀಜನಲ್ ದಾರಿಯಲ್ಲಿ ಮುಖ್ಯವಾಗಿ ಮೂರು ವೀಸಾಗಳಿವೆ. ನಂಬರಿನಿಂದಲೇ ಅವನ್ನು ಕರೆಯುವುದು ರೂಢಿ.

ಮೊದಲನೆಯದು 491. 2019ರ ನವೆಂಬರ್ 16ರಿಂದ ಜಾರಿಯಲ್ಲಿದೆ. ಇದು ಐದು ವರ್ಷದ ತಾತ್ಕಾಲಿಕ ವೀಸಾ. ಇದಕ್ಕೆ ಅಲ್ಲಿನ ಒಂದು ರಾಜ್ಯ ಸರಕಾರ ನಿಮ್ಮ ಹೆಸರು ಸೂಚಿಸಬೇಕು, ಇಲ್ಲವೇ ರೀಜನಲ್ ಪ್ರದೇಶದಲ್ಲಿ ನೆಲೆಸಿರುವ ಹತ್ತಿರದ ಸಂಬಂಧಿಕರು ಪ್ರಾಯೋಜಕರಾಗಬೇಕು. ಈ ವೀಸಾ ಕಟ್ಟಿರುವುದು ಧಣಿಗಲ್ಲ, ಊರಿಗೆ. ರೀಜನಲ್ ಪ್ರದೇಶದೊಳಗೆ ಕೆಲಸ ಬದಲಿಸಬಹುದು. ಒಂದು ರೀಜನಲ್ ಊರಿನಿಂದ ಇನ್ನೊಂದಕ್ಕೆ ಹೋಗುವುದನ್ನೂ ಈ ವೀಸಾದ ಷರತ್ತು ತಡೆಯುವುದಿಲ್ಲ. ಆದರೆ ವಾಸ, ಕೆಲಸ, ಓದು ಮೂರೂ ಆ ಪ್ರದೇಶದೊಳಗೇ ನಡೆಯಬೇಕು. ಷರತ್ತಿನ ಸಂಖ್ಯೆ 8579. ಹೆಂಡತಿ, ಗಂಡ, ಮಕ್ಕಳಿಗೂ ಅದೇ ಷರತ್ತು.

ಎರಡನೆಯದು 494. ಇದು ಗಲ್ಫ್ ಮಾದರಿಗೆ ಹತ್ತಿರ, ಏಕೆಂದರೆ ಇಲ್ಲಿ ರೀಜನಲ್ ಪ್ರದೇಶದ ಒಬ್ಬ ಉದ್ಯೋಗದಾತರೇ ಕರೆಸಿಕೊಳ್ಳುತ್ತಾರೆ. ಕನಿಷ್ಠ ಮೂರು ವರ್ಷದ ಅನುಭವ ಬೇಕು. ಅದೇ ಕೆಲಸಕ್ಕೆ ಅಲ್ಲಿಯವರಿಗೆ ಕೊಡುವ ಸಂಬಳವನ್ನೇ ನಿಮಗೂ ಕೊಡಬೇಕು. ಅದಕ್ಕೂ ಒಂದು ತಳಮಿತಿ ಇದೆ: 2025ರ ಜುಲೈ 1ರಿಂದ ವರ್ಷಕ್ಕೆ 76,515 ಆಸ್ಟ್ರೇಲಿಯನ್ ಡಾಲರ್. ಈ ಮೊತ್ತವನ್ನು ಪ್ರತಿ ಜುಲೈಯಲ್ಲಿ ಪರಿಷ್ಕರಿಸುತ್ತಾರೆ. ಇದಕ್ಕಿಂತ ಕಡಿಮೆ ಸಂಬಳದ ‘494 ಆಫರ್ ಲೆಟರ್’ ಯಾರಾದರೂ ತೋರಿಸಿದರೆ ಅದು ಸಾಮಾನ್ಯವಾಗಿ ನಿಲ್ಲುವ ಕಾಗದವಲ್ಲ.

ಮೂರನೆಯದು 191. ಪಿಆರ್ ಎಂದು ಎಲ್ಲರೂ ಹೇಳುವುದು ಇದನ್ನೇ. 491 ಅಥವಾ 494ರಲ್ಲಿ ಕನಿಷ್ಠ ಮೂರು ವರ್ಷ ಷರತ್ತು ಮುರಿಯದೆ ಇದ್ದವರು ಇದಕ್ಕೆ ಅರ್ಜಿ ಹಾಕುತ್ತಾರೆ. ಹಾಗಾಗಿ ‘ರೀಜನಲ್ ಪಿಆರ್ ನೇರವಾಗಿ’ ಎಂಬ ಜಾಹೀರಾತಿನ ಮಾತು ತಪ್ಪು. ಮೊದಲು ತಾತ್ಕಾಲಿಕ ವೀಸಾ, ಆಮೇಲೆ ಪಿಆರ್.

65 ಅಂಕ ಎಂದರೆ ಸೀಟು ಅಲ್ಲ

494ಕ್ಕೆ ಅಂಕಪಟ್ಟಿ ಇಲ್ಲ. 491ಕ್ಕೆ ಇದೆ. ಕನಿಷ್ಠ 65 ಪಾಯಿಂಟ್ ಬೇಕು, ಆಹ್ವಾನ, ಅಂದರೆ ವೀಸಾಕ್ಕೆ ಅರ್ಜಿ ಹಾಕಿ ಎಂಬ ಕರೆ, ಬರುವ ದಿನಕ್ಕೆ ವಯಸ್ಸು 45 ತುಂಬಿರಬಾರದು.

ವಯಸ್ಸಿಗೆ ಸಿಗುವ ಅಂಕ ದೊಡ್ಡದು: 18ರಿಂದ 24ರವರೆಗೆ 25, 25ರಿಂದ 32ರವರೆಗೆ 30, 33ರಿಂದ 39ರವರೆಗೆ ಮತ್ತೆ 25, 40ರಿಂದ 44ರವರೆಗೆ 15. ಇಂಗ್ಲಿಷಿಗೆ ಐಇಎಲ್‌ಟಿಎಸ್ ಎಂಬ ಪರೀಕ್ಷೆಯ ನಾಲ್ಕೂ ಭಾಗದಲ್ಲಿ ತಲಾ 6 ಬಂದರೆ ಅರ್ಹತೆ ಮಾತ್ರ, ಅಂಕ ಸೊನ್ನೆ. ತಲಾ 7 ಬಂದರೆ 10, ತಲಾ 8 ಬಂದರೆ 20. ಆಸ್ಟ್ರೇಲಿಯಾದ ಹೊರಗೆ ಮಾಡಿದ ಕೆಲಸಕ್ಕೆ 3 ವರ್ಷ ತುಂಬಿದರೆ 5, 5 ವರ್ಷಕ್ಕೆ 10, 8 ವರ್ಷಕ್ಕೆ 15. ಪದವಿಗೆ 15, ಮಾನ್ಯತೆ ಪಡೆದ ಐಟಿಐ, ಡಿಪ್ಲೊಮಾ ತರಹದ ಅರ್ಹತೆಗೆ 10. ಮದುವೆಯಾಗದವರಿಗೆ 10. ಮದುವೆಯಾಗಿದ್ದರೆ ಸಂಗಾತಿಗೂ ಅರ್ಹ ಕೌಶಲ ಇದ್ದಾಗ 10, ಇಂಗ್ಲಿಷ್ ಮಾತ್ರ ಇದ್ದರೆ 5, ಎರಡೂ ಇಲ್ಲದಿದ್ದರೆ ಏನೂ ಇಲ್ಲ. 491ಕ್ಕೆ ರಾಜ್ಯ ಅಥವಾ ಸಂಬಂಧಿಕರ ಬೆಂಬಲ ಸಿಕ್ಕರೆ 15.

ಈ ಕೊನೆಯ 15 ನಮ್ಮಲ್ಲಿ ಒಂದು ಕಾಲಕ್ಕೆ ಕೊಡುತ್ತಿದ್ದ ಗ್ರಾಮೀಣ ಕೃಪಾಂಕದಂತೆ. ಹಳ್ಳಿಯಿಂದ ಬಂದವರಿಗೆ ನಮ್ಮಲ್ಲಿ ಅದು ಸಿಗುತ್ತಿತ್ತು. ಅಲ್ಲಿ ಹಳ್ಳಿಗೆ ಹೋಗುವವರಿಗೆ ಸಿಗುತ್ತದೆ. ‘ರೀಜನಲ್’ ಷರತ್ತು ಇಲ್ಲದ 190 ಎಂಬ ಇನ್ನೊಂದು ವೀಸಾಕ್ಕೆ ರಾಜ್ಯ ಹೆಸರು ಸೂಚಿಸಿದರೂ ಸಿಗುವುದು 5 ಮಾತ್ರ. ಆ ಹತ್ತು ಅಂಕದ ಅಂತರವೇ ಒಳನಾಡಿಗೆ ಜನರನ್ನು ಸೆಳೆಯುವ ಗಾಳ.

ಒಂದು ಲೆಕ್ಕ ನೋಡಿ. 29 ವರ್ಷದ, ಮದುವೆಯಾಗದ ವೆಲ್ಡರ್. ಐಟಿಐ ಆಗಿದೆ, ಆರು ವರ್ಷದ ಅನುಭವ ಇದೆ. ವಯಸ್ಸಿಗೆ 30, ಅರ್ಹತೆಗೆ 10, ಅನುಭವಕ್ಕೆ 10, ಒಂಟಿಯಾಗಿರುವುದಕ್ಕೆ 10, ಒಟ್ಟು 60. ಐಇಎಲ್‌ಟಿಎಸ್‌ನಲ್ಲಿ ತಲಾ 6 ಬಂದರೆ ಅಲ್ಲಿಗೇ ನಿಲ್ಲುತ್ತದೆ. ರಾಜ್ಯದ 15 ಸೇರಿ 75. ತಲಾ 7 ಬಂದರೆ 85. ಈಗ ಇದೇ ವ್ಯಕ್ತಿಯ ಆರು ವರ್ಷದಲ್ಲಿ ಮೊದಲ ಎರಡು ವರ್ಷವನ್ನು ‘ಕಲಿಕೆಯ ಅವಧಿ’ ಎಂದು ಕೌಶಲ ತಪಾಸಣೆ ಮಾಡುವ ಸಂಸ್ಥೆ ಕಳೆದರೆ ಉಳಿಯುವುದು ನಾಲ್ಕು ವರ್ಷ, ಅನುಭವದ ಅಂಕ 10ರಿಂದ 5ಕ್ಕೆ ಇಳಿಯುತ್ತದೆ. ಈ ಕಡಿತವನ್ನು ಲೆಕ್ಕಕ್ಕೆ ಹಿಡಿಯದೆ ‘ನಿಮಗೆ 85 ಇದೆ’ ಎಂದು ಭರವಸೆ ಕೊಡುವುದು ಬಹಳ ಕಡೆ ನಡೆಯುತ್ತದೆ. ಆನ್‌ಲೈನ್ ಅರ್ಜಿಯಲ್ಲಿ ಹೆಚ್ಚು ಅಂಕ ತೋರಿಸಿ ಆಹ್ವಾನ ಪಡೆದು, ಆಮೇಲೆ ಅಷ್ಟು ಅಂಕವನ್ನು ದಾಖಲೆಯಲ್ಲಿ ರುಜುವಾತು ಮಾಡಲಾಗದಿದ್ದರೆ ವೀಸಾ ತಿರಸ್ಕೃತ, ಕಟ್ಟಿದ ಶುಲ್ಕ ವಾಪಸ್ಸಿಲ್ಲ.

ಸಿಇಟಿಯಲ್ಲಿ ಅರ್ಹತೆ ಬಂದ ಮಾತ್ರಕ್ಕೆ ಸೀಟು ಸಿಗುವುದಿಲ್ಲವಲ್ಲ, ಇಲ್ಲಿಯೂ ಹಾಗೆ. 65 ಎಂಬುದು ಬಾಗಿಲು. ಒಳಗೆ ಎಷ್ಟು ಕುರ್ಚಿ, ನಿಮ್ಮ ಕೆಲಸಕ್ಕೆ ಆ ವರ್ಷ ಎಷ್ಟು ಬೇಡಿಕೆ, ನಿಮಗಿಂತ ಮುಂದೆ ಎಷ್ಟು ಜನ ಎಂಬುದರ ಮೇಲೆ ಆಹ್ವಾನ ನಿಂತಿದೆ.

ಕೆಲಸ ಗೊತ್ತಿದ್ದರೆ ಸಾಲದು, ಗೊತ್ತಿದೆ ಎಂಬ ಕಾಗದ ಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹೆಚ್ಚು ಎಡವುವುದು ಇಂಗ್ಲಿಷಿನಲ್ಲಿ ಎಂದು ಜನ ತಿಳಿದಿದ್ದಾರೆ. ನಿಜಕ್ಕೂ ಎಡವುವುದು ಸ್ಕಿಲ್ ಅಸೆಸ್‌ಮೆಂಟ್‌ನಲ್ಲಿ, ಅಂದರೆ ಕೌಶಲ ತಪಾಸಣೆಯಲ್ಲಿ. ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಪ್ರತಿ ಕೆಲಸಕ್ಕೂ ಆರಂಕಿಯ ಒಂದು ಕೋಡ್ ಇದೆ. ಸಾಮಾನ್ಯ ಎಲೆಕ್ಟ್ರಿಷಿಯನ್‌ಗೆ 341111, ವಾಹನ ಮೆಕ್ಯಾನಿಕ್‌ಗೆ 321211, ಫಸ್ಟ್ ಕ್ಲಾಸ್ ವೆಲ್ಡರ್‌ಗೆ 322313, ಸಿವಿಲ್ ಎಂಜಿನಿಯರ್‌ಗೆ 233211. ಯಾವ ಕೋಡ್‌ಗೆ ಯಾವ ಸಂಸ್ಥೆ ತಪಾಸಣೆ ಮಾಡಬೇಕೆಂಬುದೂ ನಿಗದಿಯಾಗಿದೆ. ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ಕಂಪ್ಯೂಟರ್ ಕೆಲಸಕ್ಕೆ ಎಸಿಎಸ್, ವೆಲ್ಡರ್, ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ತರಹದ ಕೈಕಸುಬುಗಳಿಗೆ ಟಿಆರ್‌ಎ, ಉಳಿದ ಬಹಳಷ್ಟು ವೃತ್ತಿಗಳಿಗೆ ವೆಟಾಸೆಸ್. ಕೋಡ್ ತಪ್ಪಾಗಿ ಆರಿಸಿದರೆ ಮುಂದಿನ ಎಲ್ಲ ಕಾಗದವೂ ವ್ಯರ್ಥ. ಹುದ್ದೆಯ ಹೆಸರು ನೋಡಿ ಆರಿಸಬೇಡಿ. ಆ ಕೋಡ್‌ನ ಕೆಳಗೆ ಬರೆದಿರುವ ಕೆಲಸಗಳ ಪಟ್ಟಿ ಓದಿ, ದಿನವೂ ನೀವು ಮಾಡುವುದು ಅದೇ ಹೌದೇ ಎಂದು ನೋಡಿ.

ಕೈಕಸುಬಿನವರಿಗೆ ಮೊದಲು ಕಾಗದಪತ್ರದ ಪರಿಶೀಲನೆ, ಆಮೇಲೆ ಟೆಕ್ನಿಕಲ್ ಇಂಟರ್‌ವ್ಯೂ ಅಥವಾ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಮಾಡಿ ತೋರಿಸುವುದರಲ್ಲಿ ನಮ್ಮ ಹುಡುಗರು ಗಟ್ಟಿ. ಸೋಲುವುದು ಮೊದಲ ಮೆಟ್ಟಿಲಲ್ಲಿ. ಬೋಟ್ ಯಾರ್ಡಿನಲ್ಲೋ, ಗ್ಯಾರೇಜಿನಲ್ಲೋ ಏಳೆಂಟು ವರ್ಷ ಕೆಲಸ ಮಾಡಿರುತ್ತಾರೆ. ಸಂಬಳ ವಾರಕ್ಕೊಮ್ಮೆ ನಗದಾಗಿ ಕೈಗೆ ಬಂದಿರುತ್ತದೆ. ದಾಖಲೆ ಏನೂ ಇರುವುದಿಲ್ಲ. ತಪಾಸಣೆ ಮಾಡುವವರಿಗೆ ಆ ಏಳೆಂಟು ವರ್ಷ ಇಲ್ಲವೇ ಇಲ್ಲ.

ಒಂದು ಒಳ್ಳೆಯ ಎಕ್ಸ್‌ಪೀರಿಯನ್ಸ್ ಲೆಟರ್ ಹೇಗಿರಬೇಕು? ಸಂಸ್ಥೆಯ ಲೆಟರ್‌ಹೆಡ್, ವಿಳಾಸ, ಫೋನ್. ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ತಿಂಗಳು ಮಾತ್ರವಲ್ಲ, ತಾರೀಖು ಸಮೇತ. ಹುದ್ದೆ. ಪೂರ್ಣಾವಧಿಯೋ ಅರೆಕಾಲಿಕವೋ, ವಾರಕ್ಕೆ ಎಷ್ಟು ತಾಸು. ಸಂಬಳ ಎಷ್ಟು. ಆಮೇಲೆ ಮುಖ್ಯವಾದದ್ದು, ಮಾಡಿದ ಕೆಲಸಗಳ ವಿವರ. ‘ಇವರು ನಮ್ಮಲ್ಲಿ ವೆಲ್ಡರ್ ಆಗಿದ್ದರು, ನಡತೆ ಉತ್ತಮ’ ಎಂಬ ಎರಡು ಸಾಲಿನ ಪತ್ರದಿಂದ ಏನೂ ಆಗದು. ಯಾವ ಲೋಹ, ಯಾವ ವಿಧಾನದ ವೆಲ್ಡಿಂಗ್, ಡ್ರಾಯಿಂಗ್ ಓದುತ್ತಿದ್ದರೇ, ಜೋಡಣೆ ಸರಿಯಿದೆಯೇ ಎಂದು ಹೇಗೆ ಪರೀಕ್ಷಿಸುತ್ತಿದ್ದರು, ಎಂತಹ ಉಪಕರಣ ಬಳಸುತ್ತಿದ್ದರು ಎಂದು ಆರೇಳು ಸಾಲು ಬೇಕು. ಕೊನೆಯಲ್ಲಿ ಸಹಿ ಮಾಡಿದವರ ಹೆಸರು, ಹುದ್ದೆ, ಸಂಪರ್ಕ. ಆ ನಂಬರಿಗೆ ಕರೆ ಬರಬಹುದು. ಎತ್ತಿದವರು ‘ಯಾರು, ಗೊತ್ತಿಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಕೋಡ್‌ನ ಪಟ್ಟಿಯನ್ನೇ ಅಕ್ಷರಕ್ಕಕ್ಷರ ನಕಲು ಮಾಡಿದ ಪತ್ರವೂ ಅನುಮಾನಕ್ಕೆ ದಾರಿ. ನಿಜವಾಗಿ ಮಾಡಿದ್ದನ್ನು ನಿಮ್ಮ ಮಾತಿನಲ್ಲಿ ಬರೆಸಿ.

ಪತ್ರದ ಜೊತೆ ಸಂಬಳ ಬಂದದ್ದಕ್ಕೆ ಪುರಾವೆ: ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಯಾಲರಿ ಸ್ಲಿಪ್, ಪಿಎಫ್ ಪಾಸ್‌ಬುಕ್, ಫಾರ್ಮ್ 16. ಇಂದು ಇಪ್ಪತ್ತೊಂದು ವಯಸ್ಸಿನ, ಮುಂದೆ ಎಂದಾದರೂ ಹೊರಗೆ ಹೋಗುವ ಯೋಚನೆಯಿರುವ ಹುಡುಗ ಮಾಡಬೇಕಾದ ಮೊದಲ ಕೆಲಸ ಏಜೆಂಟನ್ನು ಹುಡುಕುವುದಲ್ಲ, ಸಂಬಳವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳುವುದು. ಕೆಲಸ ಬಿಡುವ ದಿನವೇ ಪತ್ರ ತೆಗೆದುಕೊಳ್ಳುವುದು. ಗುತ್ತಿಗೆದಾರ ಕೆಲಸ ಮುಗಿಸಿ ಊರು ಬಿಟ್ಟ ಮೇಲೆ ಅವನನ್ನು ಹುಡುಕುವುದು ಸುಲಭವಲ್ಲ.

ಇನ್ನೊಂದು ನಮ್ಮ ಕಡೆಯದ್ದೇ ತೊಡಕು ಹೆಸರಿನದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು. ನಾಯ್ಕ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಕಡೆ ‘ಐ’ ಹಾಕಿ, ಇನ್ನೊಂದು ಕಡೆ ‘ವೈ’ ಹಾಕಿ ಬರೆದಿರುತ್ತಾರೆ. ಹೆಗಡೆಯಲ್ಲಿ ಒಂದು ‘ಎ’ ಇರುತ್ತದೆ, ಇರುವುದಿಲ್ಲ. ಅಲ್ಲಿ ಕುಳಿತು ನೋಡುವವರಿಗೆ ಇವು ಬೇರೆ ಬೇರೆ ವ್ಯಕ್ತಿಗಳು. ಪಾಸ್‌ಪೋರ್ಟ್ ಮಾಡಿಸುವಾಗಲೇ ಅಂಕಪಟ್ಟಿಗೆ ಹೊಂದುವಂತೆ ನೋಡಿಕೊಳ್ಳಿ. ಆಗಲೇ ವ್ಯತ್ಯಾಸ ಇದ್ದರೆ, ಎರಡೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆ ಮೊದಲೇ ಇಡಿ, ಅವರು ಕೇಳುವ ತನಕ ಕಾಯಬೇಡಿ.

ನರ್ಸ್, ಎಲೆಕ್ಟ್ರಿಷಿಯನ್: ವೀಸಾ ಬೇರೆ, ಲೈಸೆನ್ಸ್ ಬೇರೆ

ಕೆಲವು ಕೆಲಸಗಳಿಗೆ ವೀಸಾ ಸಿಕ್ಕಿದರೂ ಕೈ ಹಚ್ಚುವಂತಿಲ್ಲ. ಡ್ರೈವಿಂಗ್ ಗೊತ್ತಿದೆ ಎಂದು ಲೈಸೆನ್ಸ್ ಇಲ್ಲದೆ ಬಸ್ಸು ಓಡಿಸುವಂತಿಲ್ಲವಷ್ಟೆ?

ನರ್ಸ್‌ಗಳಿಗೆ ಆಪ್ರಾ ಎಂಬ ಸಂಸ್ಥೆಯಲ್ಲಿ ನೋಂದಣಿ ಕಡ್ಡಾಯ. ಭಾರತದ ಬಿಎಸ್ಸಿ ನರ್ಸಿಂಗ್ ಮಾಡಿದವರು ಸಾಮಾನ್ಯವಾಗಿ ಎರಡು ಪರೀಕ್ಷೆ ಪಾಸು ಮಾಡಬೇಕು. ಒಂದು ಎನ್‌ಕ್ಲೆಕ್ಸ್, ಕಂಪ್ಯೂಟರಿನಲ್ಲಿ ಬರೆಯುವ ಬಹುಆಯ್ಕೆ ಪರೀಕ್ಷೆ. ಇನ್ನೊಂದು ಓಎಸ್‌ಸಿಇ, ಅಣಕು ರೋಗಿಯ ಎದುರು ಮಾಡಿ ತೋರಿಸುವ ಪರೀಕ್ಷೆ, ಆಸ್ಟ್ರೇಲಿಯಾದಲ್ಲೇ ನಡೆಯುತ್ತದೆ. ಅದಕ್ಕೆಂದೇ ವಿಮಾನ ಹತ್ತಿ ಹೋಗಬೇಕು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾತ್ರ ಮಾಡಿದವರನ್ನು ಸಾಮಾನ್ಯವಾಗಿ ಪದವಿ ಮಟ್ಟಕ್ಕೆ ಓದು ಏರಿಸಿಕೊಂಡು ಬನ್ನಿ ಎಂದು ಹಿಂದೆ ಕಳಿಸುತ್ತಾರೆ. ಈ ಸಂಗತಿ ತಿಳಿಯದೆ ಜಿಎನ್‌ಎಂ ಓದಿದವರು ಏಜೆಂಟರಿಗೆ ಮುಂಗಡ ಕೊಟ್ಟು ಕುಳಿತಿರುವುದು ಬೇಸರದ ಮಾತು. ಪೋಸ್ಟ್ ಬೇಸಿಕ್ ಬಿಎಸ್ಸಿ ಮೊದಲು, ಉಳಿದದ್ದು ಆಮೇಲೆ. ಇಂಗ್ಲಿಷಿನಲ್ಲೂ ನರ್ಸ್‌ಗಳಿಗೆ ವೀಸಾದ 6 ಸಾಲದು. ನೋಂದಣಿಗೆ ಓದುವುದು, ಕೇಳುವುದು, ಮಾತಾಡುವುದರಲ್ಲಿ ತಲಾ 7, ಬರೆಯುವುದರಲ್ಲಿ 6.5 ಬೇಕು. ವಲಸೆಗೆ ಬೇಕಾದ ಕೌಶಲ ತಪಾಸಣೆ ಮಾಡುವುದು ಆನ್‌ಮ್ಯಾಕ್ ಎಂಬ ಮತ್ತೊಂದು ಸಂಸ್ಥೆ.

ಎಲೆಕ್ಟ್ರಿಷಿಯನ್‌ಗೆ ಇಲ್ಲಿಂದಲೇ ತಪಾಸಣೆ ಆದಾಗ ಕೈಗೆ ಬರುವುದು ‘ಕೌಶಲ ಇದೆ’ ಎಂಬ ದಾಖಲೆ. ಅಲ್ಲಿ ಹೋದ ಮೇಲೆ ಆ ದೇಶದ ವೈರಿಂಗ್ ನಿಯಮಗಳ ಪೂರಕ ತರಬೇತಿ ಮುಗಿಸಿ, ಆಯಾ ರಾಜ್ಯದ ಲೈಸೆನ್ಸ್ ಪಡೆಯುವವರೆಗೆ ಪರವಾನಗಿ ಇದ್ದವರ ಉಸ್ತುವಾರಿಯಲ್ಲೇ ಕೆಲಸ. ಮೊದಲ ತಿಂಗಳುಗಳ ಖರ್ಚಿನ ಲೆಕ್ಕ ಹಾಕುವಾಗ ಈ ಕಾಲಕ್ಕೂ ದುಡ್ಡು ಎತ್ತಿಡಬೇಕು.

ರಾಜ್ಯ ಏಕೆ ಕರೆಯುವುದಿಲ್ಲ

ತಪಾಸಣೆ, ಇಂಗ್ಲಿಷ್ ಎರಡೂ ಕೈಯಲ್ಲಿದ್ದರೆ ಸ್ಕಿಲ್‌ಸೆಲೆಕ್ಟ್ ಎಂಬ ಸರಕಾರಿ ಜಾಲತಾಣದಲ್ಲಿ ಆಸಕ್ತಿ ಪತ್ರ ಸಲ್ಲಿಸಬೇಕು. ಇದಕ್ಕೆ ಶುಲ್ಕ ಇಲ್ಲ. ಎರಡು ವರ್ಷ ಜೀವಂತ ಇರುತ್ತದೆ. ಕೆಲವು ರಾಜ್ಯಗಳು ತಮ್ಮದೇ ಪ್ರತ್ಯೇಕ ನೋಂದಣಿಯನ್ನೂ ಕೇಳುತ್ತವೆ. ಅದನ್ನು ಮರೆತು ಸ್ಕಿಲ್‌ಸೆಲೆಕ್ಟ್ ಒಂದನ್ನೇ ನಂಬಿ ಕಾಯುವವರಿದ್ದಾರೆ.

ಅಲ್ಲಿನ ಆರ್ಥಿಕ ವರ್ಷ ಜುಲೈ 1ರಿಂದ ಜೂನ್ 30. ಕೇಂದ್ರ ಸರಕಾರ ಪ್ರತಿ ವರ್ಷ ರಾಜ್ಯಗಳಿಗೆ ಇಷ್ಟಿಷ್ಟು ಹೆಸರು ಸೂಚಿಸಬಹುದು ಎಂದು ಹಂಚುತ್ತದೆ, ರೇಷನ್ ಅಂಗಡಿಗೆ ಕೋಟಾ ಬಂದ ಹಾಗೆ. ಬಂದಷ್ಟು ಮುಗಿದರೆ ಅಂಗಡಿ ಮುಚ್ಚಿತು. ಹೆಚ್ಚಿನ ರಾಜ್ಯಗಳು ಆ ಕೋಟಾದಲ್ಲಿ ದೊಡ್ಡ ಪಾಲನ್ನು ಆಗಲೇ ತಮ್ಮಲ್ಲಿ ಓದುತ್ತಿರುವ, ದುಡಿಯುತ್ತಿರುವವರಿಗೆ ಕೊಡುತ್ತವೆ, ಹೊರದೇಶದಿಂದ ಅರ್ಜಿ ಹಾಕುವವರಿಗೆ ಆರೋಗ್ಯ, ಶಿಕ್ಷಣ, ಕಟ್ಟಡ ನಿರ್ಮಾಣದಂತಹ ಆಯ್ದ ಕೆಲಸಗಳಲ್ಲಿ ಮಾತ್ರ ಬಾಗಿಲು ತೆರೆಯುತ್ತವೆ. ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಅಂಕ 85 ಇದ್ದೂ ಕರೆ ಬಾರದಿರುವುದಕ್ಕೆ ಮುಖ್ಯ ಕಾರಣ ಇದು. ಕೆಲಸ ಆ ವರ್ಷದ ಪಟ್ಟಿಯಲ್ಲಿ ಇಲ್ಲದಿದ್ದರೆ ಎಷ್ಟು ಅಂಕ ಇದ್ದರೂ ಪ್ರಯೋಜನವಿಲ್ಲ.

ಕರೆ ಬಂದರೆ 60 ದಿನದೊಳಗೆ ವೀಸಾ ಅರ್ಜಿ. ತಡವಾದರೆ ಆಹ್ವಾನ ರದ್ದು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕ, ಶುಲ್ಕ 500 ರೂಪಾಯಿ. ವೈದ್ಯಕೀಯ ತಪಾಸಣೆ ಆಸ್ಟ್ರೇಲಿಯಾ ಸರಕಾರ ಗೊತ್ತುಮಾಡಿದ ವೈದ್ಯರಲ್ಲೇ ಆಗಬೇಕು. ಊರಿನ ಆಸ್ಪತ್ರೆಯ ಸರ್ಟಿಫಿಕೇಟ್ ನಡೆಯದು, ಬೆಂಗಳೂರಿಗೆ ಹೋಗಿ ಬರುವ ಲೆಕ್ಕ ಇಟ್ಟುಕೊಳ್ಳಿ. ಅರ್ಜಿ ಹಾಕಿದ ಮೇಲೆ ವೀಸಾ ಕೈಗೆ ಬರಲು ವರ್ಷ ದಾಟುವುದೂ ಉಂಟು.

ಖರ್ಚಿನ ಮಾತಿಗೆ ಬಂದರೆ, ವೀಸಾ ಶುಲ್ಕವೇ ಮುಖ್ಯ ಅರ್ಜಿದಾರರಿಗೆ ಸುಮಾರು 4,900 ಡಾಲರ್, ಎರಡೂವರೆ ಲಕ್ಷ ರೂಪಾಯಿಗೂ ಮಿಕ್ಕಿ. ಸಂಗಾತಿ, ಮಕ್ಕಳಿಗೆ ಬೇರೆ. ಐಇಎಲ್‌ಟಿಎಸ್‌ಗೆ ಹದಿನೆಂಟು ಸಾವಿರದ ಆಸುಪಾಸು. ಕೌಶಲ ತಪಾಸಣೆ ಕೆಲಸದ ಮೇಲೆ ಹೋಗುತ್ತದೆ. ಮಾಡಿ ತೋರಿಸುವ ಪರೀಕ್ಷೆ ಇರುವ ಕಸುಬುಗಳಿಗೆ ಸಾವಿರಾರು ಡಾಲರ್. ಇವೆಲ್ಲ ಒಟ್ಟಿಗೆ ಕಟ್ಟುವ ದುಡ್ಡಲ್ಲ, ಹಂತ ಹಂತವಾಗಿ ಕಟ್ಟುವಂಥದ್ದು. ‘ಪೂರ್ತಿ ಪ್ಯಾಕೇಜ್, ಈಗಲೇ ಅರ್ಧ ಕೊಡಿ’ ಎನ್ನುವವರ ಹತ್ತಿರ ಒಂದೊಂದು ಹಂತದ ಸರಕಾರಿ ರಶೀದಿ ಕೇಳಿ.

ಏಜೆಂಟ್ ಬೇಕೇ?

ಬೇಕೇ ಬೇಕು ಎಂದೇನಿಲ್ಲ. ಎಲ್ಲ ಅರ್ಜಿಯನ್ನೂ ಸ್ವಂತವಾಗಿ ಹಾಕಬಹುದು. ಕಾಗದಪತ್ರ ಜಟಿಲವಾಗಿದ್ದರೆ ಸಹಾಯ ಪಡೆಯುವುದು ತಪ್ಪಲ್ಲ, ಆದರೆ ಯಾರ ಸಹಾಯ ಎಂಬುದು ಮುಖ್ಯ. ಆಸ್ಟ್ರೇಲಿಯಾದಲ್ಲಿ ನೋಂದಾಯಿತ ವಲಸೆ ಏಜೆಂಟರಿಗೆ ಏಳಂಕಿಯ ಒಂದು ನಂಬರ್ ಇರುತ್ತದೆ, ಮಾರ್ನ್ ಎನ್ನುತ್ತಾರೆ. ಓಮಾರಾ ಎಂಬ ಸರಕಾರಿ ವಿಭಾಗದ ಜಾಲತಾಣದಲ್ಲಿ ಆ ನಂಬರ್ ಹಾಕಿ, ಅದು ಎದುರಿಗೆ ಕುಳಿತವರದೇ ಹೌದೇ ಎಂದು ಎರಡು ನಿಮಿಷದಲ್ಲಿ ನೋಡಬಹುದು. ಹೊರದೇಶದಲ್ಲಿ ಕುಳಿತು ಸಲಹೆ ಕೊಡುವವರಿಗೆ ಈ ನೋಂದಣಿ ಕಡ್ಡಾಯವಲ್ಲ, ಆದ್ದರಿಂದಲೇ ಇಲ್ಲಿ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುತ್ತಾರೆ.

ವಿದೇಶದಲ್ಲಿ ನೌಕರಿ ಕೊಡಿಸುತ್ತೇನೆ ಎನ್ನುವವರ ಸಂಗತಿ ಬೇರೆ. ಅವರು ಭಾರತದ 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಲೇಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಿ. ಅಭ್ಯರ್ಥಿಯಿಂದ ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಳ ಮಾತು ಬಂದರೆ ಎದ್ದು ಬನ್ನಿ.

‘ಹಣ್ಣು ಕೀಳುವ ಕೆಲಸ, ಐಇಎಲ್‌ಟಿಎಸ್ ಬೇಡ’ ಎಂಬ ಜಾಹೀರಾತಿಗೂ ಒಂದು ಮಾತು. ಆಸ್ಟ್ರೇಲಿಯಾದ ತೋಟಗಳಿಗೆ ಕಾರ್ಮಿಕರನ್ನು ಕರೆಸುವ ಪಾಮ್ ಎಂಬ ಯೋಜನೆ ಪೆಸಿಫಿಕ್ ದ್ವೀಪ ದೇಶಗಳು ಮತ್ತು ಟಿಮೋರ್ ಲೆಸ್ಟೆಯವರಿಗೆ ಮಾತ್ರ. ಭಾರತೀಯರಿಗೆ 18ರಿಂದ 30 ವಯಸ್ಸಿನವರಿಗೆ ಇರುವ ವರ್ಕ್ ಆ್ಯಂಡ್ ಹಾಲಿಡೇ ವೀಸಾ ವರ್ಷಕ್ಕೆ 1,000 ಮಾತ್ರ. ಅರ್ಜಿ ಹಾಕುವ ಅವಕಾಶವೇ ಚೀಟಿ ಎತ್ತಿ ಹಂಚುವುದು. ಚೀಟಿ ಎತ್ತುವುದರಲ್ಲಿ ಗ್ಯಾರಂಟಿ ಕೊಡಲು ಯಾರಿಂದಲೂ ಸಾಧ್ಯವಿಲ್ಲ. ವೀಸಾ ಬಂದಿದೆ ಎಂದು ಯಾರಾದರೂ ಕಾಗದ ತೋರಿಸಿದರೆ ವೇವೊ ಎಂಬ ಸರಕಾರಿ ಜಾಲತಾಣದಲ್ಲಿ ಪಾಸ್‌ಪೋರ್ಟ್ ನಂಬರ್ ಮತ್ತು ಗ್ರ್ಯಾಂಟ್ ನಂಬರ್ ಹಾಕಿ ನೋಡಿದ ಮೇಲೆಯೇ ಟಿಕೆಟ್ ತೆಗೆಯುವುದು.

ಅಲ್ಲಿಗೆ ಹೋದ ಮೇಲೆ ಮೂರು ವರ್ಷ

491ರವರಿಗೆ ಮೆಡಿಕೇರ್ ಎಂಬ ಸರಕಾರಿ ಆರೋಗ್ಯ ಸೌಲಭ್ಯ ಸಿಗುತ್ತದೆ. ಸಂಗಾತಿ ಕೆಲಸ ಮಾಡಬಹುದು. ಕನಿಷ್ಠ ವೇತನ ಎಲ್ಲರಿಗೂ ಒಂದೇ: 2025ರ ಜುಲೈಯಲ್ಲಿ ತಾಸಿಗೆ 24.95 ಡಾಲರ್ ಆಗಿತ್ತು, ಅದನ್ನೂ ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಇದಕ್ಕಿಂತ ಕಡಿಮೆ ಕೊಡುವುದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಕಾನೂನುಬಾಹಿರ. ಸಂಬಳದ ದೂರಿಗೆ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿ ಇದೆ.

ಒಳನಾಡಿನ ಪೇಟೆಗಳಲ್ಲಿ ಕೆಲಸಕ್ಕಿಂತ ಕಷ್ಟ ಬಾಡಿಗೆ ಮನೆ. ಕೆಲಸಗಾರರು ಬೇಕಾದಷ್ಟು ವೇಗದಲ್ಲಿ ಮನೆಗಳು ಏಳುವುದಿಲ್ಲ. ಹೋಗುವ ಮೊದಲೇ ಆ ಊರಿನ ಬಾಡಿಗೆ ದರ ನೋಡಿ, ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೊರಡುವುದು ಒಳ್ಳೆಯದು. ಬಸ್ಸು ವಿರಳ, ಕಾರಿಲ್ಲದೆ ಆಗುವುದಿಲ್ಲ.

ಷರತ್ತು ಮುರಿಯುವುದು ಹೆಚ್ಚಾಗಿ ಗೊತ್ತಿಲ್ಲದೆಯೇ ಆಗುತ್ತದೆ. ಜೀಲಾಂಗ್‌ನಿಂದ ಮೆಲ್ಬರ್ನ್‌ಗೆ ಸುಮಾರು 75 ಕಿಲೋಮೀಟರ್, ಹೆಚ್ಚುಕಡಿಮೆ ಕುಮಟಾದಿಂದ ಕಾರವಾರಕ್ಕೆ ಹೋದಷ್ಟು. ನಮ್ಮಲ್ಲಿ ಅಷ್ಟು ದೂರ ದಿನಾ ಓಡಾಡುವವರು ಬೇಕಾದಷ್ಟಿದ್ದಾರೆ. ಜೀಲಾಂಗ್‌ನಲ್ಲಿ ಮನೆ ಮಾಡಿ ಮೆಲ್ಬರ್ನ್‌ಗೆ ಕೆಲಸಕ್ಕೆ ಹೋದರೆ ಮಾತ್ರ ವಾಸ ರೀಜನಲ್, ಕೆಲಸ ಅಲ್ಲ, ಷರತ್ತು ಮುರಿಯಿತು. ಸಿಡ್ನಿಗೆ ಪ್ರವಾಸ ಹೋಗಲು, ನೆಂಟರ ಮನೆಯಲ್ಲಿ ನಾಲ್ಕು ದಿನ ಇರಲು ಅಡ್ಡಿಯಿಲ್ಲ. ಮೂರು ವರ್ಷ ತುಂಬುವ ಮೊದಲು 190ರಂತಹ ಬೇರೆ ಕೌಶಲ ವೀಸಾಗಳಿಗೆ ಹಾರುವಂತೆಯೂ ಇಲ್ಲ.

191ರ ಅರ್ಜಿಯ ಜೊತೆ ಕೊಡಬೇಕಾದ ಮುಖ್ಯ ಪುರಾವೆ ಮೂರು ಆದಾಯ ವರ್ಷಗಳ ತೆರಿಗೆ ನೋಟಿಸ್, ಅಂದರೆ ತೆರಿಗೆ ವಿವರ ಸಲ್ಲಿಸಿದ ಮೇಲೆ ತೆರಿಗೆ ಇಲಾಖೆ ಕಳಿಸುವ ಲೆಕ್ಕದ ಪತ್ರ. ಇಷ್ಟೇ ದುಡಿದಿರಬೇಕೆಂಬ ಕನಿಷ್ಠ ಆದಾಯದ ಷರತ್ತು ಈಗ ಇಲ್ಲ, ಆದರೆ ತೆರಿಗೆ ವಿವರ ಸಲ್ಲಿಸಿರಲೇಬೇಕು. ಇಲ್ಲಿ ದಿನಗಣನೆ ತಿಳಿದಿರಲಿ. 2026ರ ಸೆಪ್ಟೆಂಬರ್‌ನಲ್ಲಿ ವೀಸಾ ಸಿಕ್ಕಿ ಹೋದರೆ ಮೊದಲ ಆದಾಯ ವರ್ಷ 2027ರ ಜೂನ್ 30ಕ್ಕೆ, ಮೂರನೆಯದು 2029ರ ಜೂನ್ 30ಕ್ಕೆ ಮುಗಿಯುತ್ತದೆ. ಮೂರನೇ ನೋಟಿಸ್ ಜುಲೈ ಆಗಸ್ಟಿನಲ್ಲೇ ಕೈಗೆ ಬಂದರೂ ವೀಸಾಕ್ಕೆ ಮೂರು ವರ್ಷ ತುಂಬುವುದು ಸೆಪ್ಟೆಂಬರ್‌ಗೆ. ಆ ದಿನದ ಮೊದಲು ಹಾಕಿದ ಅರ್ಜಿ ಊರ್ಜಿತವಲ್ಲ. ಐದು ವರ್ಷದ ವೀಸಾ 2031ರಲ್ಲಿ ಮುಗಿಯುವುದರಿಂದ ನಡುವೆ ಎರಡು ವರ್ಷದ ಬಿಡುವು ಇದೆ. ಒಂದು ವರ್ಷ ಕೆಲಸ ತಪ್ಪಿದರೂ, ತೆರಿಗೆ ತಡವಾದರೂ ಸರಿಪಡಿಸಿಕೊಳ್ಳಲು ಇರುವ ಕಾಲ ಅದು. ಬಾಡಿಗೆ ಕರಾರು, ಕರೆಂಟ್ ಬಿಲ್, ಸ್ಯಾಲರಿ ಸ್ಲಿಪ್‌ಗಳನ್ನು ಮೊದಲ ತಿಂಗಳಿಂದಲೇ ಒಂದು ಫೈಲಿನಲ್ಲಿ ಹಾಕುತ್ತಾ ಹೋಗಿ. ರೀಜನಲ್ ಪ್ರದೇಶದಲ್ಲೇ ಇದ್ದೆವು ಎಂದು ತೋರಿಸಲು ಆಗ ಬೇಕಾಗುವುದು ಇವೇ ಕಾಗದಗಳು.